ಹನಸೋಗೆಯ ಹೆಸರು, ಸೆರಾದ ಚಪ್ಪಾಳೆ

ಮೈಸೂರಿನಿಂದ ಮಡಿಕೇರಿಗೆ ಹೊರಟವರಿಗೆ ಕೊಪ್ಪ ಎಂದರೆ ಕಾವೇರಿ ದಾಟುವ ಮುಂಚೆ ಸಿಗುವ ಕೊನೆಯ ಊರು. ಸೇತುವೆಯಾಚೆ ಕುಶಾಲನಗರ, ಕೊಡಗು. ಈಚೆ ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಇಲ್ಲಿ ಕಾರು ನಿಲ್ಲಿಸುವವರೆಲ್ಲ ಎಳನೀರು ಕುಡಿದು ಎಡಕ್ಕೆ ತಿರುಗಿ 'ಗೋಲ್ಡನ್ ಟೆಂಪಲ್' ನೋಡುತ್ತಾರೆ, ಸಂಜೆಯೊಳಗೆ ದುಬಾರೆಯ ಆನೆಗಳನ್ನೂ ಮುಗಿಸಿ ಹೋಂಸ್ಟೇ ಸೇರುತ್ತಾರೆ. ಆ ದಾರಿಯಲ್ಲಿ ನಾನೂ ಹಲವು ಸಲ ಹೋದವನೇ. ಈ ಶ್ರಾವಣದಲ್ಲಿ ಮಾತ್ರ ಕೊಪ್ಪದಲ್ಲೇ ಕೋಣೆ ಹಿಡಿದು, ಇಲ್ಲಿಂದ ಮೈಸೂರಿನ ಕಡೆಗೇ ಹಿಂದಕ್ಕೆ ಅಲೆಯಬೇಕು ಅಂದುಕೊಂಡೆ. ಪಿರಿಯಾಪಟ್ಟಣ, ಬೆಟ್ಟದಪುರ, ಹುಣಸೂರು, ಕೃಷ್ಣರಾಜನಗರ: ಒಂದು ಕಾಲಕ್ಕೆ ಇದೆಲ್ಲ ಚೆಂಗಾಳ್ವರ ನಾಡು. ಹೊಯ್ಸಳರ ಹೆಸರು ಕೇಳದ ಕನ್ನಡಿಗರಿಲ್ಲ. ಚೆಂಗಾಳ್ವರು ಯಾರೆಂದು ಕೇಳಿದರೆ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲೇ ಉತ್ತರ ಸಿಗುವುದು ಕಷ್ಟ.

ಮೊದಲು ಸೆರಾ. ಬೈಲಕುಪ್ಪೆಯ ಟಿಬೆಟನ್ ವಸತಿಯನ್ನು ಸುತ್ತಲಿನ ಹಳ್ಳಿಯವರು ಇಂದಿಗೂ 'ಕ್ಯಾಂಪು' ಎಂದೇ ಕರೆಯುತ್ತಾರೆ. ನಿರಾಶ್ರಿತರು ಬಂದು ಅರವತ್ತು ವರ್ಷ ದಾಟಿದರೂ ಆ ಹೆಸರು ಅಳಿದಿಲ್ಲ. ಮೆಕ್ಕೆಜೋಳದ ಹೊಲಗಳ ನಡುವೆ ಒಂದೊಂದು ಕ್ಯಾಂಪಿಗೂ ಒಂದು ನಂಬರು. 1960ರ ಆಸುಪಾಸಿನಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಸುಮಾರು ಮೂರು ಸಾವಿರ ಎಕರೆ ಕಾಡನ್ನು ಕಡಿದು, ಆನೆಗಳ ಕಾಟ ತಡೆದುಕೊಂಡು, ಹಿಮದ ನಾಡಿನ ಜನ ಈ ಕೆಂಪು ಮಣ್ಣಿನಲ್ಲಿ ಬೇಸಾಯಕ್ಕೆ ಇಳಿದರು. ಗುಡಿ, ಮಠಗಳೆಲ್ಲ ಅದಾದ ಮೇಲೆ ಬಂದವು.

ಸೆರಾ ಮಠವನ್ನು ಕಟ್ಟಿದ್ದು 1419ರಲ್ಲಿ, ಲ್ಹಾಸಾದ ಪಕ್ಕದಲ್ಲಿ. ಜೆ ತ್ಸೊಂಗ್‌ಖಾಪಾ ಅವರ ಶಿಷ್ಯ ಶಾಕ್ಯ ಯೇಶೆ ಅದರ ಸ್ಥಾಪಕ. ಐದೂವರೆ ಶತಮಾನ ಅಲ್ಲಿ ನಡೆದ ಮಠ 1959ರ ನಂತರ ಚದುರಿತು. ಓಡಿ ಬಂದ ಭಿಕ್ಷುಗಳು ಬಂಗಾಳದ ಗಡಿಯಲ್ಲಿದ್ದ ಬಕ್ಸಾ ಶಿಬಿರದಲ್ಲಿ ವರ್ಷಗಟ್ಟಲೆ ಕಾದರು. 1970ರಲ್ಲಿ ಅವರಲ್ಲಿ ಉಳಿದ ಕೆಲವು ನೂರು ಮಂದಿ ಬೈಲಕುಪ್ಪೆಗೆ ಬಂದು ಅದೇ ಹೆಸರಿನಲ್ಲಿ, ಅದೇ ಎರಡು ವಿದ್ಯಾಲಯಗಳಾಗಿ, ಸೆರಾ ಜೆ ಮತ್ತು ಸೆರಾ ಮೆ ಎಂದು ಮತ್ತೆ ಶುರು ಮಾಡಿದರು. ಈಗ ಅಲ್ಲಿ ಸಾವಿರಗಟ್ಟಲೆ ಭಿಕ್ಷುಗಳಿದ್ದಾರೆ.

ಸಂಜೆ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕೇಳಿಸಿದ್ದು ಚಪ್ಪಾಳೆ. ಒಂದಲ್ಲ, ನೂರಾರು, ಒಂದಕ್ಕೊಂದು ತಾಳ ಸೇರದ ಚಪ್ಪಾಳೆಗಳು. ಅವುಗಳ ನಡುವೆ ಕಾಲು ನೆಲಕ್ಕೆ ಅಪ್ಪಳಿಸುವ ಸದ್ದು, ಕೂಗು, ನಗು. ಜಗಳವೇ ಹತ್ತಿದೆ ಎಂದು ಒಂದು ಗಳಿಗೆ ಅನ್ನಿಸಿತು. ಇಬ್ಬಿಬ್ಬರಾಗಿ ಜೋಡಿ ಕಟ್ಟಿದ್ದರು. ಒಬ್ಬ ನೆಲದ ಮೇಲೆ ಕೂತಿದ್ದಾನೆ, ಇನ್ನೊಬ್ಬ ನಿಂತಿದ್ದಾನೆ. ನಿಂತವನು ಪ್ರಶ್ನೆ ಕೇಳುತ್ತ ಬಲಗೈ ಮೇಲೆತ್ತಿ ಮುಂದಕ್ಕೆ ಬಾಗಿ ಎಡಗೈ ಮೇಲೆ ಬಡಿಯುತ್ತಾನೆ, ಅದೇ ಕ್ಷಣಕ್ಕೆ ಎಡಗಾಲನ್ನು ಊರುತ್ತಾನೆ. ಕೂತವನು ಕದಲದೆ ಉತ್ತರಿಸಬೇಕು. ಉತ್ತರ ತೊದಲಿದರೆ ಸುತ್ತ ಸೇರಿದವರೆಲ್ಲ ಒಟ್ಟಿಗೆ ಕೂಗುತ್ತಾರೆ. ಮೂಲೆಯಲ್ಲಿ ಪೆಚ್ಚಾಗಿ ನಿಂತಿದ್ದ ನನ್ನನ್ನು ಕಂಡು ಹದಿಹರೆಯದ ಒಬ್ಬ ಭಿಕ್ಷು ಬಂದು, "ಸಾರ್, ಇಲ್ಲಿ ಕೂತ್ಕೊಳ್ಳಿ, ಅಲ್ಲಿ ತಳ್ಳಿಬಿಡ್ತಾರೆ" ಎಂದ. ಅಂಗಡಿಬೀದಿಯಲ್ಲಿ ಕಲಿತ ಅಚ್ಚುಕಟ್ಟಾದ ಕನ್ನಡ.

ಏನು ವಾದ ನಡೆದಿದೆ ಎಂದು ಕೇಳಿದೆ.

"ಅವರದು ಮೊದಲ ವರ್ಷದ ಪಾಠ ಸಾರ್. ಶಬ್ದ ಶಾಶ್ವತನಾ, ಅಲ್ವಾ ಅಂತ."

"ಅದಕ್ಕೆ ಇಷ್ಟು ಕೂಗಾಟವಾ?"

"ಕೂಗಿದ್ರೆ ನೆನಪಲ್ಲಿ ಉಳಿಯುತ್ತೆ" ಎಂದು ನಕ್ಕ.

ಆ ಪ್ರಶ್ನೆ ಕೇಳಿ ನನ್ನ ಮೈ ಜುಮ್ಮೆಂದಿತು. ಶಬ್ದ ಅನಿತ್ಯ, ಏಕೆಂದರೆ ಅದು ಮಾಡಿದ್ದರಿಂದ ಹುಟ್ಟುವಂಥದು, ಮಡಕೆಯ ಹಾಗೆ: ಭಾರತದ ತರ್ಕಶಾಸ್ತ್ರದಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಹೆಚ್ಚು ಹೊಡೆದಾಡಿಸಿದ ಉದಾಹರಣೆ ಇನ್ನೊಂದಿಲ್ಲ. ವೇದದ ಶಬ್ದ ನಿತ್ಯವೆಂದ ಮೀಮಾಂಸಕರ ಮೇಲೆ ಬೌದ್ಧರು ಹೂಡಿದ ಬಾಣ ಅದು. ಸೆರಾದಲ್ಲಿ ಗೆಶೆ ಪದವಿಗೆ ಇಪ್ಪತ್ತು ವರ್ಷದಷ್ಟು ಕಾಲ ಓದುವ ಐದು ಮಹಾಗ್ರಂಥಗಳೂ ಸಂಸ್ಕೃತದಲ್ಲಿ ಹುಟ್ಟಿ ಟಿಬೆಟನ್ನಿಗೆ ಹೋದವು. ತರ್ಕಕ್ಕೆ ಅವರು ಹಿಡಿಯುವುದು ಧರ್ಮಕೀರ್ತಿಯ 'ಪ್ರಮಾಣವಾರ್ತಿಕ'ವನ್ನು. ಏಳನೆಯ ಶತಮಾನದ ಸುಮಾರಿನ ಈ ಆಚಾರ್ಯ ದಕ್ಷಿಣದವನೆಂದು ಟಿಬೆಟನ್ ಪರಂಪರೆಯೇ ಹೇಳುತ್ತದೆ. ಆ ಪುಸ್ತಕದ ಸಂಸ್ಕೃತ ಮೂಲ ನಮ್ಮಲ್ಲಿ ಕಳೆದೇ ಹೋಗಿತ್ತು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ಮಠಗಳ ಉಗ್ರಾಣಗಳನ್ನು ಜಾಲಾಡಿ ಹಸ್ತಪ್ರತಿ ಹುಡುಕಿ ತೆಗೆದರು.

ಈಗ ಆ ವಾದದ ಇನ್ನೊಂದು ಮಗ್ಗುಲು ನೋಡಿ. ಧರ್ಮಕೀರ್ತಿಯ ಮಾತನ್ನು ಎಳೆ ಎಳೆಯಾಗಿ ಬಿಡಿಸಿ ಖಂಡಿಸಿದವರಲ್ಲಿ ಜೈನ ತಾರ್ಕಿಕ ಅಕಳಂಕ ದೊಡ್ಡ ಹೆಸರು. ಅಕಳಂಕ ಸಾಹಸತುಂಗ ರಾಜನ ಮುಂದೆ ನಿಂತು ಬೌದ್ಧರನ್ನು ವಾದದಲ್ಲಿ ಸೋಲಿಸಿದ ಸುದ್ದಿ ಹೇಳಿಕೊಂಡಿದ್ದನ್ನು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಹೆಮ್ಮೆಯಿಂದ ಕೆತ್ತಿದೆ. ಆ ಶಾಸನದ ಕಾಲ 1129. ಶ್ರವಣಬೆಳಗೊಳ ಇಲ್ಲಿಂದ ಅರ್ಧ ದಿನದ ದಾರಿ ಕೂಡ ಅಲ್ಲ. ಅಂದರೆ ಗೆದ್ದವರ ಕಲ್ಲು ಅಲ್ಲಿ ನಿಂತೇ ಇದೆ. ಎದುರಾಳಿ ನಾಡನ್ನೇ ಬಿಟ್ಟು ಹಿಮಾಲಯ ದಾಟಿ ಹೋಗಿ, ಸಾವಿರ ವರ್ಷ ಅಲ್ಲಿ ಅಭ್ಯಾಸ ಮಾಡಿ, ಪಿರಿಯಾಪಟ್ಟಣ ತಾಲ್ಲೂಕಿಗೆ ಬಂದು ಮತ್ತೆ ಚಪ್ಪಾಳೆ ತಟ್ಟುತ್ತಿದ್ದಾನೆ. ಈ ಹುಡುಗನಿಗೆ ಅಕಳಂಕನ ಹೆಸರು ಹೇಳಿದೆ. ಕೇಳಿರಲಿಲ್ಲ. "ಅವರು ಏನಂದ್ರು, ಶಬ್ದ ನಿತ್ಯ ಅಂದ್ರಾ?" ಎಂದು ತಟ್ಟನೆ ಕೇಳಿದ. ನಾನು ಆ ವಾದದ ಕಟ್ಟು ಬಲ್ಲಷ್ಟು ಹೇಳಿದೆ: ಜೈನರು ದ್ರವ್ಯವಾಗಿ ನೋಡಿದರೆ ನಿತ್ಯ, ಪರ್ಯಾಯವಾಗಿ, ಅಂದರೆ ಬದಲಾಗುವ ಸ್ಥಿತಿಯಾಗಿ, ನೋಡಿದರೆ ಅನಿತ್ಯ ಅನ್ನುತ್ತಾರೆ. ಹುಡುಗ ಅಂಗೈ ತಿಕ್ಕಿದ. "ಎರಡೂ ಹೇಳಿದ್ರೆ ಹೇಗೆ ಸಾರ್?" ಅಕಳಂಕ ಅಲ್ಲಿದ್ದಿದ್ದರೆ ರಾತ್ರಿ ಊಟದ ಗಂಟೆ ತಪ್ಪುತ್ತಿತ್ತು.

ಮರುದಿನ ನಾಮ್‌ಡ್ರೋಲಿಂಗ್. ಇದೇ ಗೋಲ್ಡನ್ ಟೆಂಪಲ್. ಪೆನೋರ್ ರಿನ್‌ಪೋಚೆ 1963ರಲ್ಲಿ ಇದನ್ನು ಶುರು ಮಾಡಿದಾಗ ಇದ್ದದ್ದು ಸುಮಾರು 80 ಚದರಡಿಯ ಬಿದಿರಿನ ಗುಡಿ. ಈಗಿನ ದೊಡ್ಡ ವಿಹಾರವನ್ನು ದಲೈ ಲಾಮಾ 1999ರಲ್ಲಿ ಉದ್ಘಾಟಿಸಿದರು. ಒಳಗೆ ನಡುವೆ 60 ಅಡಿಯ ಬುದ್ಧ, ಅಕ್ಕಪಕ್ಕ 58 ಅಡಿಯ ಪದ್ಮಸಂಭವ ಮತ್ತು ಅಮಿತಾಯು, ಮೂವರಿಗೂ ಚಿನ್ನದ ಲೇಪ. ಶಾಲೆಯ ಪ್ರವಾಸದ ಮಕ್ಕಳು ಬಾಗಿಲಲ್ಲೇ ಬಾಯಿ ತೆರೆದು ನಿಲ್ಲುತ್ತಾರೆ, ದೊಡ್ಡವರು ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುತ್ತಾರೆ. ಮಕ್ಕಳದೇ ಸರಿಯಾದ ರೀತಿ. ಪದ್ಮಸಂಭವನೂ ಎಂಟನೆಯ ಶತಮಾನದಲ್ಲಿ ಇಲ್ಲಿಂದ ಅಲ್ಲಿಗೆ ಹೋದವನೇ. ಈ ಮಠದ ಪಾಲ್ಯುಲ್ ಪರಂಪರೆಯ ಮೂಲ ಗುಡಿ ಪೂರ್ವ ಟಿಬೆಟ್ಟಿನ ಖಾಮ್ ಸೀಮೆಯಲ್ಲಿ 1665ರಲ್ಲಿ ಹುಟ್ಟಿತು. ಹತ್ತಿರದಲ್ಲೇ ತಾಶಿ ಲ್ಹುನ್‌ಪೋ ಇದೆ. ಮೊದಲ ದಲೈ ಲಾಮಾ ಎನಿಸಿದ ಗೆಂದುನ್ ದ್ರುಬ್ 1447ರಲ್ಲಿ ಶಿಗಾತ್ಸೆಯಲ್ಲಿ ಕಟ್ಟಿದ್ದರ ಹೆಸರನ್ನು 1972ರಲ್ಲಿ ಇಲ್ಲಿಗೆ ತಂದರು. 2025ರ ಆರಂಭದ ವಾರಗಳಲ್ಲಿ ಹದಿನಾಲ್ಕನೆಯ ದಲೈ ಲಾಮಾ ಬಂದು ತಂಗಿದ್ದು ಅಲ್ಲೇ. ಆಗ ಕೊಪ್ಪದ ಚಹಾದಂಗಡಿಗಳಿಗೆ ಪುರುಸೊತ್ತೇ ಇರಲಿಲ್ಲವಂತೆ.

ಕಲ್ಲುಗಳ ಕಡೆಗೆ ಹೊರಟೆ. ಕೊಪ್ಪದಿಂದ ಪಿರಿಯಾಪಟ್ಟಣಕ್ಕೆ ಬರುವ ದಾರಿಯ ಇಕ್ಕೆಲದಲ್ಲೂ ಹೊಗೆಸೊಪ್ಪು. ಬ್ಯಾರನ್ನುಗಳಲ್ಲಿ ಬೆಂಕಿ ಹಚ್ಚಿದ ಕಾಲ. ಸೊಪ್ಪು ಬೇಯುವ ಸಿಹಿ ಕಮಟು ವಾಸನೆ ಬಸ್ಸಿನ ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಪಿರಿಯರಾಜನೆಂಬ ಚೆಂಗಾಳ್ವ ಹದಿನಾರನೆಯ ಶತಮಾನದ ಕೊನೆಗೆ ಸಿಂಗಪಟ್ಟಣ ಎಂಬ ಊರನ್ನು ಹೊಸದಾಗಿ ಕಟ್ಟಿ ತನ್ನ ಹೆಸರಿಟ್ಟ. 1644ರ ಸುಮಾರಿಗೆ ಕಂಠೀರವ ನರಸರಾಜ ಒಡೆಯರ ಮೈಸೂರು ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಕೊನೆಯ ಅರಸು ವೀರರಾಜ, ಇನ್ನು ಉಳಿಗಾಲವಿಲ್ಲ ಎಂದು ಕಂಡಾಗ ಹೆಂಡಿರು ಮಕ್ಕಳನ್ನು ತಾನೇ ಕೊಂದು ಹೋರಾಡಿ ಸತ್ತನೆಂಬ ಕಥೆಯಿದೆ. ಈಗ ಕೋಟೆಯಲ್ಲಿ ಉಳಿದಿರುವುದು ಕಂದಕದ ತಗ್ಗು, ಗಿಡಗಂಟಿ, ಒಂದಿಷ್ಟು ಗೋಡೆ. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿನವರ ಭಕ್ತಿಯೆಲ್ಲ ಮಸಣೀಕಮ್ಮನ ಗುಡಿಯ ಕಡೆ. ಅರಸರಿಗಿಂತ ಅಮ್ಮಂದಿರು ಚೆನ್ನಾಗಿ ಬಾಳುತ್ತಾರೆ, ಈ ಸೀಮೆಯಲ್ಲಂತೂ.

ಬೆಟ್ಟದಪುರ ಹಾಗಲ್ಲ. ಬಯಲಿನ ನಡುವೆ ಒಂಟಿಯಾಗಿ, ಶಂಖುವಿನ ಆಕಾರದಲ್ಲಿ, ಸಮುದ್ರಮಟ್ಟದಿಂದ 4,389 ಅಡಿ ಎದ್ದು ನಿಂತ ಬೆಟ್ಟ. ಹುಣಸೂರಿನ ಕಡೆಯಿಂದ ಬಂದರೂ ಕೊಡಗಿನ ಕಡೆಯಿಂದ ಬಂದರೂ ಅದು ಕಣ್ಣು ತಪ್ಪಿಸುವುದಿಲ್ಲ. ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನ. ಸಿಡಿಲು ಗುಡಿಯೊಳಕ್ಕೆ ಬಂದು ಲಿಂಗಕ್ಕೆ ಕೈಮುಗಿದು ಹೋಗುತ್ತದೆಂದು ನಂಬಿಕೆ. ಇಂಥ ಒಂಟಿ ತುದಿಯ ಮೇಲೆ ಮುಂಗಾರಿನ ಸಿಡಿಲು ಬೇರೆಲ್ಲಿ ಹೋದೀತು ಎಂದು ಮೆಟ್ಟಿಲು ಹತ್ತುವಾಗ ಅನ್ನಿಸಿತು. ಸಾವಿರಾರು ಮೆಟ್ಟಿಲು. ಅರ್ಧದಾರಿಯಲ್ಲಿ ಮೋಡ ಕವಿದು ಪಕ್ಕದ ಮೆಟ್ಟಿಲೂ ಕಾಣದಾಯಿತು. ನಂಬಿಕೆಯನ್ನು ಪರೀಕ್ಷಿಸುವ ಧೈರ್ಯ ನನಗಿಲ್ಲ ಎಂದುಕೊಂಡು ಕಾಲು ಚುರುಕು ಮಾಡಿದೆ.

ಶಾಸನಗಳಲ್ಲಿ ಈ ದೇವರು ಅನ್ನದಾನಿ ಮಲ್ಲಿಕಾರ್ಜುನ, ಚೆಂಗಾಳ್ವರ ಮನೆದೇವರು. ಇಲ್ಲೇ ಅವರ ಚರಿತ್ರೆ ತಿರುವು ತೆಗೆದುಕೊಳ್ಳುವುದು ಕಾಣುತ್ತದೆ. ಮೊದಮೊದಲ ಚೆಂಗಾಳ್ವರು ಜೈನರು, ನಂತರದವರು ವೀರಶೈವರು. ನಡುವೆ ಹೊಯ್ಸಳರ ಏಟು. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಒಂದನೆಯ ನರಸಿಂಹ ಒಬ್ಬ ಚೆಂಗಾಳ್ವನನ್ನು ಯುದ್ಧದಲ್ಲಿ ಕೊಂದ. ಅದೇ ಶತಮಾನದ ಎಪ್ಪತ್ತರ ದಶಕದಲ್ಲಿ ಎರಡನೆಯ ಬಲ್ಲಾಳನ ದಂಡನಾಯಕ ಬೆಟ್ಟರಸ ಅವರನ್ನು ಅಟ್ಟಿಸಿಕೊಂಡು ದಕ್ಷಿಣ ಕೊಡಗಿನ ಪಾಲ್ಪಾರೆ ಕೋಟೆಯವರೆಗೂ ಹೋದ. ಇಷ್ಟಾದರೂ ಮತ್ತೆ ಐದು ಶತಮಾನ ಉಳಿದದ್ದು ಸಣ್ಣ ಮಾತಲ್ಲ. ದೊಡ್ಡ ರಾಜ್ಯಗಳು ಮುಳುಗಿದಾಗಲೂ ಇವರು ತಲೆ ಎತ್ತಿದ್ದಾರೆ, ಬಹುಶಃ ಯಾವಾಗ ತಲೆ ತಗ್ಗಿಸಬೇಕೆಂಬುದು ಗೊತ್ತಿದ್ದರಿಂದ.

ಬೆಟ್ಟದ ಕೆಳಗಿನ ಊರಲ್ಲಿ ಸಂಕೇತಿಗಳ ಮನೆಗಳಿವೆ. ತಮಿಳು ಸೀಮೆಯ ಶೆಂಗೋಟೆಯ ಕಡೆಯಿಂದ, ನಾಚಾರಮ್ಮನೆಂಬ ವಿದುಷಿಗೆ ಆದ ಅವಮಾನದ ಕಾರಣಕ್ಕೆ ಊರು ಬಿಟ್ಟು ಬಂದವರೆಂದು ಅವರ ಕಥೆ. ತಮಿಳು, ಕನ್ನಡ, ಮಲಯಾಳ ಕಲೆತ ಅವರ ಮಾತು ಜಗಲಿಯ ಮೇಲೆ ಕಿವಿಗೆ ಬಿತ್ತು. ಊರು ಬಿಟ್ಟು ಬಂದವರನ್ನು ಕೂರಿಸಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ನೋಡುವಂಥ ಸ್ಮಾರಕವಿದೆ ಎಂದು ನಾನು ಹೋಗಲಿಲ್ಲ, ಒಬ್ಬ ಕವಿಯ ಕಾರಣಕ್ಕೆ ಹೋದೆ. ಮೂರನೆಯ ಮಂಗರಸ ಅಲ್ಲಿನ ಪ್ರಭುವಿನ ಮಗ, ಜೈನ, ಚೆಂಗಾಳ್ವರ ಬಳಗದವನು. 1508ರ ಸುಮಾರಿಗೆ 'ಸಮ್ಯಕ್ತ್ವಕೌಮುದಿ' ಬರೆದ. ಅವನ ಕಾವ್ಯಗಳಿಗಿಂತ ನನಗೆ ಮೋಜಿನದು 'ಸೂಪಶಾಸ್ತ್ರ'. ಅದು ಅಡುಗೆಯ ಪುಸ್ತಕ, ಷಟ್ಪದಿಯಲ್ಲಿ. ಭಕ್ಷ್ಯ, ಪಾನಕ, ಪಾಯಸ, ಬದನೆ, ಹಲಸು, ಕಳಲೆ. ಬಿದಿರು ಮೆಳೆಗಳ ಈ ಸೀಮೆಯಲ್ಲಿ ಮಳೆಗಾಲಕ್ಕೆ ಈಗಲೂ ಕಳಲೆ ಪಲ್ಯ ಮಾಡುತ್ತಾರೆ. ಹುಣಸೂರಿನಲ್ಲಿ ಸಿಕ್ಕ ಪಲ್ಯ ಮಂಗರಸ ಒಪ್ಪುವಂಥದಾಗಿತ್ತೋ ಇಲ್ಲವೋ, ನಾನಂತೂ ಎರಡು ಸಲ ಹಾಕಿಸಿಕೊಂಡೆ.

ಇಷ್ಟು ಸುತ್ತಿದ್ದು ಹನಸೋಗೆಗಾಗಿ. ಸಾಲಿಗ್ರಾಮದ ಕಡೆ, ಕಾವೇರಿಯ ಬಯಲಿನಲ್ಲಿ, ಗದ್ದೆಗಳ ನಡುವೆ ಚಿಕ್ಕಹನಸೋಗೆ. ಬಸ್ಸಿನಿಂದ ಇಳಿದಾಗ ನಾಟಿ ನಡೆಯುತ್ತಿತ್ತು. ಯಾವ ಬೋರ್ಡೂ ಇಲ್ಲಿ ಏನಾಗಿಹೋಯಿತೆಂಬ ಸುಳಿವು ಕೊಡುವುದಿಲ್ಲ. ಹಳೆಯ ಬರಹಗಳಲ್ಲಿ ಇದು ಪನಸೋಗೆ. 1004ರಲ್ಲಿ ಇಲ್ಲಿ ಯುದ್ಧ ನಡೆಯಿತು. ರಾಜರಾಜ ಚೋಳನ ಸೈನ್ಯ ಪಂಚವನ್ ಮಾರಾಯನ ನಾಯಕತ್ವದಲ್ಲಿ ಚೆಂಗಾಳ್ವನನ್ನು ಮುರಿಯಿತು. ಆ ಕಾಳಗದಲ್ಲಿ ಮೆರೆದ ಮನಿಜ ಎಂಬವನಿಗೆ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಎಂಬ ಬಿರುದೂ ಮಾಲಂಬಿಯ ನೆಲವೂ ಸಿಕ್ಕವು. ಕೊಡಗಿನ ಉತ್ತರದಲ್ಲಿ ಕೊಂಗಾಳ್ವರೆಂಬ ಇನ್ನೊಂದು ರಾಜವಂಶ ಹುಟ್ಟಿದ್ದು ಹಾಗೆ, ಈ ಭತ್ತದ ಗದ್ದೆಗಳ ಬದುವಿನಲ್ಲಿ. ಸೋತ ಚೆಂಗಾಳ್ವರಾದರೂ ಏನಾದರು? ಸುಮಾರು 1060ರ ಹೊತ್ತಿಗೆ ಅವರ ಅರಸನ ಹೆಸರು ರಾಜೇಂದ್ರ ಚೋಳ ನನ್ನಿ ಚೆಂಗಾಳ್ವ. ಗೆದ್ದ ವಂಶದ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತುಕೊಂಡ ಅರಸ. ಶೈವ ಚೋಳರ ಹೆಸರು ಹೊತ್ತ ಆ ಅರಸ ಹನಸೋಗೆಯಲ್ಲಿ ಮಾಡಿದ್ದು ಜಿನಾಲಯದ ಜೀರ್ಣೋದ್ಧಾರ.

ಬಸದಿಯ ಹತ್ತಿರ ಹೋದಾಗ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎದ್ದು ಬಂದರು. "ಯಾವೂರಾಯ್ತು ಸ್ವಾಮಿ? ಬನ್ನಿ, ಒಳ್ಗಡೆ ನೋಡಿ" ಎಂದು ಮುಂದೆ ನಡೆದರು. ತ್ರಿಕೂಟ ಬಸದಿ. ಮೂರು ಗರ್ಭಗುಡಿಗಳು ಒಂದೇ ನವರಂಗದ ಕಡೆ ಮುಖಮಾಡಿವೆ, ನಡುವಿನದು ಆದಿನಾಥನದು. ಹೊರಗೆ ಮಳೆಯ ಬಿಳಿ ಬೆಳಕು, ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಬೇಲೂರು ಹಳೇಬೀಡು ನೋಡಿದ ಕಣ್ಣಿಗೆ ಇಲ್ಲಿ ಕೆತ್ತನೆ ಕಡಿಮೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಹೊಯ್ಸಳರು ಬೇಲೂರಿಗೆ ಕೈ ಹಾಕುವ ಎರಡು ತಲೆಮಾರು ಮುಂಚಿನ ಕೆಲಸ ಇದು. ಕಂಬಗಳಿಗೆ ಇನ್ನೂ ತಮ್ಮ ಭಾರ ಹೊರುವುದರಲ್ಲೇ ಆಸಕ್ತಿ.

ಈ ಊರಿನ ಶಾಸನಗಳನ್ನು ಬಿ.ಎಲ್. ರೈಸ್ 1898ರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟದಲ್ಲಿ ಅಚ್ಚು ಹಾಕಿಸಿದ. ಅವು ಹೇಳಿಕೊಳ್ಳುವುದನ್ನು ಓದಿದರೆ ಬೆರಗಾಗುತ್ತದೆ. ಇಲ್ಲಿ 64 ಬಸದಿಗಳಿದ್ದವಂತೆ. ಅವುಗಳನ್ನು ಸ್ಥಾಪಿಸಿದವನು ಬೇರೆ ಯಾರೂ ಅಲ್ಲ, ಇಕ್ಷ್ವಾಕು ಕುಲದ ದಶರಥನ ಮಗ, ಲಕ್ಷ್ಮಣನ ಅಣ್ಣ, ಸೀತೆಯ ಗಂಡ ರಾಮ. ಆಮೇಲೆ ದತ್ತಿ ಬಿಟ್ಟವರ ಸಾಲಿನಲ್ಲಿ ಶಕ, ನಳ, ವಿಕ್ರಮಾದಿತ್ಯ, ಗಂಗರು, ಕೊನೆಗೆ ಚೆಂಗಾಳ್ವರು. ಪುರಾಣದಿಂದ ನೇರ ನಮ್ಮೂರ ಅರಸನ ತನಕ ಎಳೆದ ಒಂದೇ ದಾರ. ಜೈನರ ರಾಮಾಯಣದಲ್ಲಿ ರಾಮ ಜಿನಭಕ್ತನೇ ಆದ್ದರಿಂದ ಬರೆಸಿದವರಿಗೆ ಇದರಲ್ಲಿ ಅತಿಶಯವೇನೂ ಕಂಡಿರಲಾರದು. ಇಲ್ಲಿನ ದೇಸಿಗಣ ಪುಸ್ತಕಗಚ್ಛದ ಮುನಿಗಳು ಪನಸೋಗೆಯಿಂದ ತಲಕಾವೇರಿಯವರೆಗಿನ ಎಲ್ಲ ಬಸದಿಗಳೂ ತಮ್ಮ ಅಧಿಕಾರಕ್ಕೆ ಸೇರಿದವೆಂದು ಹಕ್ಕು ಸಾಧಿಸುತ್ತಿದ್ದರು. ತಲಕಾವೇರಿಯ ಬೆಟ್ಟದಲ್ಲಿ ಜೈನ ಬಸದಿಗಳು! ಇಂದು ಆ ಮಾತು ಎಷ್ಟು ಜನಕ್ಕೆ ನಂಬುವಂತಿದೆ?

ಪುಸ್ತಕಗಚ್ಛದ ಮುನಿಗಳು ಪುಸ್ತಕ ಓದದೆ ಇರುತ್ತಿದ್ದರೇ? ಅಕಳಂಕನನ್ನು ಓದಿರುತ್ತಾರೆ. ಅಕಳಂಕನನ್ನು ಓದಬೇಕಾದರೆ ಅವನು ಖಂಡಿಸಿದ ಧರ್ಮಕೀರ್ತಿಯ ಮಾತು ಕಿವಿಯ ಮೇಲೆ ಬಿದ್ದಿರಲೇಬೇಕು. ಇದು ನನ್ನ ಊಹೆ, ಆದರೆ ಈ ನವರಂಗದಲ್ಲಿ ನಿಂತವನಿಗೆ ಬೇರೆ ಊಹೆ ಹೊಳೆಯುವುದಿಲ್ಲ. ಶಬ್ದ ನಿತ್ಯವೋ ಅನಿತ್ಯವೋ ಎಂದು ಈ ಮೂರು ಗರ್ಭಗುಡಿಗಳ ಮುಂದೆ ಯಾರೋ ಯಾರನ್ನೋ ಕೇಳಿರುತ್ತಾರೆ. ನನ್ನಿ ಚೆಂಗಾಳ್ವ ಇದರ ಜೀರ್ಣೋದ್ಧಾರ ಮಾಡಿಸಿದ ಕಾಲಕ್ಕೆ, ಬಂಗಾಳದ ಆಚಾರ್ಯ ಅತೀಶ ಲ್ಹಾಸಾದ ಬಳಿ 1054ರಲ್ಲಿ ತೀರಿಕೊಂಡು ಕೆಲವು ವರ್ಷವಾಗಿತ್ತಷ್ಟೆ. ಅವನ ಶಿಷ್ಯಪರಂಪರೆಯಲ್ಲೇ ಮುಂದೆ ತ್ಸೊಂಗ್‌ಖಾಪಾ ಬಂದದ್ದು, ಸೆರಾ ಹುಟ್ಟಿದ್ದು.

ಮುನಿಗಳು ಎಲ್ಲಿ ಹೋದರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಹ್ಯಾದ್ರಿಯ ಆಚೆ ಸಿಗುತ್ತದೆ. ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟನನ್ನು ಭೈರವರಸ ವೀರಪಾಂಡ್ಯ ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ನಿಲ್ಲಿಸಲು ಹೇಳಿದ ಗುರು ಲಲಿತಕೀರ್ತಿ. ಆ ಮುನಿ ಯಾರ ಪೈಕಿ? ಪನಸೋಗೆಯ 'ಬಳಿ'ಗೆ, ಅಂದರೆ ಗುರುಶಾಖೆಗೆ ಸೇರಿದ, ದೇಸಿಗಣದ ಮುನಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ಇಲ್ಲಿ ಅರಸರು ಮಲ್ಲಿಕಾರ್ಜುನನ ಒಕ್ಕಲಾಗುತ್ತಿದ್ದಾಗ ಹನಸೋಗೆಯ ಗುರುಪರಂಪರೆ ಘಟ್ಟ ಇಳಿದು, ಊರಿನ ಹೆಸರನ್ನು ಜೊತೆಗೊಯ್ದು, ಕರಾವಳಿಯಲ್ಲಿ ಹೊಸ ಗುರುಪೀಠ ಹೂಡಿ ಬಂಡೆಯನ್ನೇ ದೇವರು ಮಾಡಿಸಿತು. 1419ರಲ್ಲಿ ಸೆರಾ, 1432ರಲ್ಲಿ ಕಾರ್ಕಳ. ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದ ಆಸುಪಾಸಿನ ಕಾಲ. ಒಂದು ಹೆಸರು ಕಾವೇರಿಯ ಬಯಲಿನಿಂದ ಕಡಲಿನ ಕಡೆಗೆ ಆಗಲೇ ಹೋಗಿಯಾಗಿತ್ತು. ಇನ್ನೊಂದು ಲ್ಹಾಸಾದಿಂದ ಇದೇ ಕಾವೇರಿಯ ಬಯಲಿಗೆ ಬರಲು ಇನ್ನೂ ಐನೂರೈವತ್ತು ವರ್ಷ ಬಾಕಿಯಿತ್ತು. ಬೈಲಕುಪ್ಪೆಯಲ್ಲಿ ಕಟ್ಟಡ ಹೊಸದು, ಪರಂಪರೆ ಹಳೆಯದು. ಹನಸೋಗೆಯಲ್ಲಿ ಕಟ್ಟಡ ಹಳೆಯದು, ಪಾಠ ಹೇಳುವವರು ಯಾರೂ ಇಲ್ಲ.

ಇದನ್ನೆಲ್ಲ ಹಿರಿಯರಿಗೆ ಒಂದಷ್ಟು ವಿವರಿಸಿದೆ. ರಾಮ ಬಸದಿ ಕಟ್ಟಿಸಿದ್ದು ಅವರಿಗೆ ಗೊತ್ತೇ ಇತ್ತು, ಅದರಲ್ಲಿ ವಿಶೇಷ ಕಾಣಲಿಲ್ಲ. ಹತ್ತಿರದ ಚುಂಚನಕಟ್ಟೆಗೆ ಬಂದಿದ್ದ ರಾಮ ಇಲ್ಲಿಗೆ ಬರದೆ ಇರುತ್ತಾನೆಯೇ ಎಂಬ ಧಾಟಿಯಲ್ಲಿ ತಲೆಯಾಡಿಸಿದರು. ಕಾರ್ಕಳದ ಮಾತಿಗೆ ಮಾತ್ರ ನೆಟ್ಟಗೆ ಕೂತರು.

"ಅಷ್ಟ್ ದೂರ್‌ದಲ್ಲಿ ಕಲ್ಲಿನ್ ಮೇಲೆ ನಮ್ಮೂರೆಸ್ರು ಅದೆ ಅಂತೀರಾ?"

"ಅದೆ. ದೊಡ್ಡ ಗೊಮ್ಮಟನ ಪಕ್ಕದಲ್ಲೇ."

"ಧರ್ಮಸ್ಥಳ್‌ಕೆ ವರ್ಸಾ ವರ್ಸಾ ಓಯ್ತೀವಿ. ಅಲ್ಲಿಂದ ದೂರ್ವಾ?"

ಬಸ್ಸಿನಲ್ಲಿ ಎರಡು ಗಂಟೆಯೊಳಗೆ ಹೋಗಬಹುದು ಎಂದೆ. ಅವರು ಲೆಕ್ಕ ಹಾಕಿದರು. ನಾಟಿ ಮುಗಿಯಬೇಕು, ಮೊಮ್ಮಗಳ ಹೆರಿಗೆ ಇದೆ, ದೀಪಾವಳಿ ಕಳೆದ ಮೇಲಾದರೆ ಆದೀತು. ಜೇಬಿನಿಂದ ಗೊಬ್ಬರದಂಗಡಿಯ ಚೀಟಿಯೊಂದನ್ನು ತೆಗೆದು ಅದರ ಬೆನ್ನು ನನ್ನ ಮುಂದೆ ಹಿಡಿದರು. ನಾನು ಕಾರ್ಕಳ ಎಂದು ಬರೆದೆ, ಕೆಳಗೆ ಲಲಿತಕೀರ್ತಿ ಎಂದು ಬರೆದೆ, ಪನಸೋಗೆ ಎಂದು ದೊಡ್ಡದಾಗಿ ಬರೆದೆ.

"ಇಸ್ವೀನೂ ಹಾಕಿ ಸ್ವಾಮಿ" ಎಂದರು. "ಇಲ್ದೋದ್ರೆ ಆ ಕಡೆಯವ್ರು ನಂಬಾಕಿಲ್ಲ."